ಗೋಸುಂಬೆಯ ಕಣ್ಣುಬೇನೆ: ಮದ್ದಿಗಿಂತ ಮೊದಲು ಗೂಡು

ಸಾಕಿದ ಗೋಸುಂಬೆ ಹಾಡುಹಗಲಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರೆ ಅದಕ್ಕೆ ಕಾಯಿಲೆ ಬಂದಿದೆ ಎಂದೇ ತಿಳಿಯಬೇಕು. ಆರೋಗ್ಯವಾಗಿರುವ ಗೋಸುಂಬೆ ಹಗಲಲ್ಲಿ ಕಣ್ಣು ಮುಚ್ಚುವುದು ತೀರಾ ಅಪರೂಪ. ಆ ಕಾಯಿಲೆಯ ಮೂಲವನ್ನು ಹೆಚ್ಚಿನ ಸಲ ಗೂಡಿನಲ್ಲೇ ಹುಡುಕಬೇಕು ಎಂಬ ತಿಳಿವಳಿಕೆ ಬರಲು ಜಗತ್ತಿನ ಸಾಕಣೆದಾರರಿಗೆ ನೂರಾರು ವರ್ಷ ಹಿಡಿಯಿತು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯವರಿಗೆ ಈ ಪ್ರಾಣಿ ಹೊಸದೇನಲ್ಲ. ಬಯಲುಸೀಮೆಯ ಜಾಲಿ, ಬೇವು, ಕುರುಚಲು ಪೊದೆಗಳಲ್ಲಿ ಬಾಳುವ ಭಾರತೀಯ ಗೋಸುಂಬೆಗೆ ಲಾರೆಂಟಿ ಎಂಬ ವಿಜ್ಞಾನಿ 1768ರಲ್ಲೇ ವೈಜ್ಞಾನಿಕ ಹೆಸರು ಕೊಟ್ಟ. ನಮ್ಮ ದೇಶದಲ್ಲಿರುವುದು ಇದೊಂದೇ ಪ್ರಭೇದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದಕ್ಕಿದೆ. ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಹೀಗಾಗಿ ಸಾಕಣೆಯ ಶಾಸ್ತ್ರ ಬೆಳೆದದ್ದು ಹೊರದೇಶದ ಪ್ರಭೇದಗಳ ಮೇಲೆ. ಅರಬ್ ನಾಡಿನ ವೇಲ್ಡ್ ಗೋಸುಂಬೆ, ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆ ಇವುಗಳಲ್ಲಿ ಮುಖ್ಯವಾದವು.

ಕಣ್ಣಿನ ಅಧ್ಯಯನ ಸಾಕಣೆಗಿಂತ ಬಹಳ ಹಳೆಯದು. ಗೋಸುಂಬೆಯ ಕಣ್ಣು ಎಲ್ಲ ದಿಕ್ಕಿಗೂ ತಿರುಗುತ್ತದೆ ಎಂದು ಅರಿಸ್ಟಾಟಲ್ ಬರೆದಿಟ್ಟಿದ್ದಾನೆ. 1977ರಲ್ಲಿ ವಿಜ್ಞಾನಿ ಲಿಂಡ್ಸೆ ಹಾರ್ಕ್‌ನೆಸ್ ಗೋಸುಂಬೆಯ ಕಣ್ಣಿನ ಮುಂದೆ ಮಸೂರ ಇಟ್ಟು ನೋಡಿದರು. ನಾಲಿಗೆ ಬೇಟೆಯ ದೂರವನ್ನು ತಪ್ಪಾಗಿ ಅಂದಾಜಿಸಿತು. ಅಂದರೆ ಅದು ದೂರ ಅಳೆಯುವುದು ಕಣ್ಣಿನ ಫೋಕಸ್ ಹೊಂದಿಸಿಕೊಳ್ಳುವ ಮೂಲಕ. 1995ರಲ್ಲಿ ಓಟ್ ಮತ್ತು ಶೆಫೆಲ್ ಎಂಬ ಸಂಶೋಧಕರು ಅದರ ಕಣ್ಣಿನ ಮಸೂರ ನಿಮ್ನ ಮಸೂರದಂತೆ ಕೆಲಸ ಮಾಡುತ್ತದೆಂದೂ, ಅದರಿಂದ ಬಿಂಬ ದೊಡ್ಡದಾಗುತ್ತದೆಂದೂ ತೋರಿಸಿದರು. 2025ರಲ್ಲಂತೂ ಸಿ.ಟಿ. ಸ್ಕ್ಯಾನ್ ಚಿತ್ರಗಳಲ್ಲಿ ಕಣ್ಣಿನ ನರ ಸುರುಳಿ ಸುತ್ತಿಕೊಂಡಿರುವುದು ಕಂಡುಬಂತು. ಕಣ್ಣು ಅಷ್ಟು ಸಲೀಸಾಗಿ ತಿರುಗಲು ಆ ಸುರುಳಿಯೇ ಅನುಕೂಲ ಮಾಡಿಕೊಡುತ್ತದೆ ಎಂಬುದು ಸಂಶೋಧಕರ ಅಭಿಪ್ರಾಯ. ಇಷ್ಟೆಲ್ಲ ಹೇಳಲು ಕಾರಣವಿದೆ. ಈ ಪ್ರಾಣಿಗೆ ಕಣ್ಣೇ ಅನ್ನ. ಕಣ್ಣು ಕೆಟ್ಟರೆ ಗುರಿ ತಪ್ಪುತ್ತದೆ, ಗುರಿ ತಪ್ಪಿದರೆ ಹೊಟ್ಟೆಗೆ ಇಲ್ಲ, ನೀರಿನ ಹನಿಯೂ ಕಾಣುವುದಿಲ್ಲ. ಮೊದಲೇ ಸೊರಗಿದ ಪ್ರಾಣಿ ಕೆಲವೇ ದಿನಗಳಲ್ಲಿ ಕೈಮೀರುತ್ತದೆ.

ಹತ್ತಿರದಿಂದ ನೋಡಿದರೆ ಆ ಕಣ್ಣು ಚರ್ಮ ಹೊದಿಸಿದ ಪುಟ್ಟ ಶಂಕು. ರೆಪ್ಪೆಗಳೆರಡೂ ಕೂಡಿಕೊಂಡು ನಡುವೆ ಪಾಪೆಯಷ್ಟು ಅಗಲದ ಕಿಂಡಿ ಮಾತ್ರ ಉಳಿದಿರುತ್ತದೆ. ದೂಳಿನ ಕಣವೋ ಉದುರಿದ ಪೊರೆಯ ಚೂರೋ ಆ ಕಿಂಡಿಯೊಳಗೆ ಹೊಕ್ಕರೆ ಕೈಯಿಂದ ಉಜ್ಜಿಕೊಳ್ಳಲು ಅದಕ್ಕೆ ಆಗದು. ಮೈಮೇಲೆ ತುಂತುರು ಬಿದ್ದಾಗ ಕಣ್ಣನ್ನು ಉಬ್ಬಿಸಿ, ಗರಗರ ತಿರುಗಿಸಿ, ಆಮೇಲೆ ಕೊಂಬೆಗೆ ಒತ್ತಿ ಒರೆಸಿಕೊಳ್ಳುತ್ತದೆ. ಹೊಸದಾಗಿ ಸಾಕಿದವರು ಈ ಉಬ್ಬು ಕಂಡು ಗಾಬರಿಯಾಗುತ್ತಾರೆ. ನಿಮಿಷಗಳಲ್ಲಿ ಇಳಿದರೆ ಅದು ಸ್ನಾನವಷ್ಟೇ. ಇಳಿಯದೆ ಉಳಿದ ಬಾವು, ಒಂದೇ ಕಣ್ಣು ಮುಚ್ಚಿಕೊಂಡಿರುವುದು, ಗುಳಿಬಿದ್ದ ಕಣ್ಣು, ರೆಪ್ಪೆಯಂಚಿನ ಗೀಜು ಇವು ರೋಗದ ಗುರುತು. ಗುಳಿಬಿದ್ದ ಕಣ್ಣು ಬಹುಮಟ್ಟಿಗೆ ನೀರಿನ ಕೊರತೆಯನ್ನು ಹೇಳುತ್ತದೆ. ಸರೀಸೃಪಗಳ ಕೀವು ನಮ್ಮದರಂತೆ ಹರಿಯುವುದಿಲ್ಲ, ಗಿಣ್ಣಿನಂತೆ ಗಟ್ಟಿಯಾಗಿ ರೆಪ್ಪೆಯೊಳಗೇ ಕೂರುತ್ತದೆ. ಆದ್ದರಿಂದ ಮನುಷ್ಯರ ಕಣ್ಣಿನ ಹನಿಗಳನ್ನು ಅಂಗಡಿಯಿಂದ ತಂದು ಹಾಕಿ ಕಾಯುವುದು ಅಪಾಯದ ಕೆಲಸ.

ಪಂಜರದಲ್ಲಿ ಗೋಸುಂಬೆಯನ್ನು ಉಳಿಸಿಕೊಳ್ಳುವುದು ಮೊದಲು ಅಸಾಧ್ಯವೆನ್ನುವಷ್ಟು ಕಷ್ಟವಾಗಿತ್ತು. ಲಂಡನ್ ಮೃಗಾಲಯ 1849ರಲ್ಲಿ ಸಾರ್ವಜನಿಕರಿಗೆ ಸರೀಸೃಪ ಗೃಹ ತೆರೆದ ಮೇಲೂ ಬಹುಕಾಲ ಗೋಸುಂಬೆ ಅಲ್ಪಾಯುಷಿಯಾಗಿಯೇ ಉಳಿಯಿತು. 1972ರ ಹವಾಯಿಯ ಘಟನೆ ಆಗಿನ ಸ್ಥಿತಿಗೆ ಒಳ್ಳೆಯ ಸಾಕ್ಷಿ. ಸಾಕುಪ್ರಾಣಿ ವ್ಯಾಪಾರಿಯೊಬ್ಬ ಕೀನ್ಯಾದಿಂದ ತರಿಸಿದ ಜಾಕ್ಸನ್ ಗೋಸುಂಬೆಗಳು ಬಾಯಾರಿ ಸೊರಗಿ ತಲುಪಿದವು. ಚೇತರಿಸಿಕೊಳ್ಳಲಿ ಎಂದು ಅವನ್ನು ಮನೆಯ ತೋಟದಲ್ಲಿ ಬಿಟ್ಟ. ಮಳೆ, ಗಾಳಿ, ಬಿಸಿಲು ಸಿಕ್ಕಿದ್ದೇ ಅವು ಚೇತರಿಸಿಕೊಂಡವು. ಚೇತರಿಸಿಕೊಂಡು ತೋಟ ದಾಟಿ ದ್ವೀಪದಲ್ಲಿ ಹಬ್ಬಿ ಅಲ್ಲಿನ ಸ್ಥಳೀಯ ಕೀಟಗಳಿಗೆ, ಬಸವನಹುಳುಗಳಿಗೆ ಕಂಟಕವಾದವು. ತೆರೆದ ಗಾಳಿಯ ಗುಣವೂ ಪರದೇಶದ ಪ್ರಾಣಿಯನ್ನು ಹೊರಗೆ ಬಿಡುವುದರ ಕೇಡೂ ಅದೊಂದೇ ಘಟನೆಯಲ್ಲಿ ಕಾಣುತ್ತವೆ.

ನಿಜವಾದ ತಿರುವು 1990ರ ದಶಕದ್ದು. ಸರೀಸೃಪಗಳಿಗೆಂದೇ ನೇರಳಾತೀತ (ಯುವಿ-ಬಿ) ಬೆಳಕಿನ ದೀಪಗಳು ಬಂದವು, ಗಾಜಿನ ಪೆಟ್ಟಿಗೆಯ ಜಾಗಕ್ಕೆ ಜಾಲರಿಯ ಗೂಡು ಬಂತು. ಅಮೆರಿಕದ ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು ಪ್ಯಾಂಥರ್ ಗೋಸುಂಬೆಗಳಿಗೆ ‘ಎ’ ಜೀವಸತ್ವ, ‘ಡಿ’ ಜೀವಸತ್ವ, ನೇರಳಾತೀತ ಬೆಳಕು ಮೂರನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು ಪರೀಕ್ಷಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಕ್ಷೇತ್ರದ ಅತಿ ಮುಖ್ಯ ಕೆಲಸ ಇದೇ ಎಂದು ನನ್ನ ಎಣಿಕೆ, ಯಾಕೆಂದರೆ ಅಲ್ಲಿಯವರೆಗೆ ಊಹೆಯಾಗಿದ್ದದ್ದು ಅಲ್ಲಿಂದ ಅಳತೆಗೆ ಬಂತು. ‘ಎ’ ಜೀವಸತ್ವ ಕಡಿಮೆಯಾದರೆ ಕಣ್ಣಿನ ಒಳಪೊರೆ, ಕಣ್ಣೀರಿನ ನಾಳ ಗಡುಸಾಗಿ ಕಟ್ಟಿಕೊಳ್ಳುತ್ತವೆ, ಕಣ್ಣು ಬಾತುಕೊಳ್ಳುತ್ತದೆ, ಸೋಂಕು ಒಳನುಗ್ಗುತ್ತದೆ. ಹಾಗೆಂದು ಸುರಿಯುವಂತಿಲ್ಲ, ಅತಿಯಾದ ‘ಎ’ ಕೂಡ ವಿಷ. 2009ರಲ್ಲಿ ಇದೇ ತಂಡದ ಇನ್ನೊಂದು ಅಧ್ಯಯನ ಸೊಗಸಾದ ಸಂಗತಿ ತಿಳಿಸಿತು: ಆಹಾರದಲ್ಲಿ ‘ಡಿ3’ ಕಡಿಮೆಯಿದ್ದ ಗೋಸುಂಬೆ ತಾನಾಗಿ ಹೆಚ್ಚು ಯುವಿ ಬೆಳಕಿಗೆ ಬರುತ್ತದೆ, ಹೆಚ್ಚಿದ್ದಾಗ ನೆರಳಿಗೆ ಸರಿಯುತ್ತದೆ. ತನಗೆ ಬೇಕಾದಷ್ಟನ್ನು ಆರಿಸಿಕೊಳ್ಳಲು ಬಿಸಿಲೂ ನೆರಳೂ ಎರಡೂ ಇರುವ ಗೂಡು ಬೇಕೆಂಬುದು ಇದರಿಂದ ಖಚಿತವಾಯಿತು.

ಈ ನಡುವೆ ದೀಪವೇ ಕಣ್ಣಿಗೆ ಮುಳುವಾದ ಕಾಲವೂ ಬಂತು. 2000ದ ದಶಕದಲ್ಲಿ ಮಾರುಕಟ್ಟೆಗೆ ಬಂದ ಕೆಲವು ಸುರುಳಿ ದೀಪಗಳ ಕೆಳಗೆ ಸರೀಸೃಪಗಳು ಕಣ್ಣು ಬಿಡಲಾಗದೆ, ಕಣ್ಣು ಕೆಂಪಾಗಿ ನರಳಿದವು. ನೆಲಕ್ಕೆ ತಲುಪುವ ಬಿಸಿಲಿನಲ್ಲಿ 290 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಕಿರಣ ಇಲ್ಲವೆಂದೇ ಹೇಳಬಹುದು. ಆ ದೀಪಗಳು ಸಹಜ ಬಿಸಿಲಿನಲ್ಲಿಲ್ಲದ ಹ್ರಸ್ವ ಕಿರಣಗಳನ್ನು ಸೂಸುತ್ತಿದ್ದವು. ದೀಪ ತೆಗೆದ ಮೇಲೆ ಬಹಳಷ್ಟು ಪ್ರಾಣಿಗಳು ಗುಣವಾದವು. 2010ರಲ್ಲಿ ಫರ್ಗುಸನ್ ತಂಡ ಸರೀಸೃಪಗಳು ಸಹಜವಾಗಿ ಪಡೆಯುವ ಯುವಿಯನ್ನು ನಾಲ್ಕು ವಲಯಗಳಾಗಿ ವಿಂಗಡಿಸಿತು. ಇಂದು ಬಿಸಿಲು ಕಾಯುವ ಕೊಂಬೆಯ ಮೇಲೆ ಯುವಿ ಸೂಚ್ಯಂಕ ಸುಮಾರು 3 ಇರುವಂತೆ ಉದ್ದನೆಯ ಟ್ಯೂಬ್ ದೀಪವನ್ನು ಜಾಲರಿಯ ಹೊರಗೆ, ಮೇಲುಗಡೆ ಇಡುವುದು ರೂಢಿ. ಕಿಟಕಿಯ ಗಾಜು ಯುವಿ-ಬಿಯನ್ನು ತಡೆಯುವುದರಿಂದ ಗಾಜಿನ ಹಿಂದಿನ ಬಿಸಿಲನ್ನು ನಂಬುವಂತಿಲ್ಲ.

ಮುಂದಿನ ಹೆಜ್ಜೆ ನೀರಿನದು. ದಿನವಿಡೀ ಗೂಡನ್ನು ತೋಯಿಸಿಡುವ ಹಳೆಯ ಪದ್ಧತಿಯಿಂದ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದು ಕಣ್ಣು, ಶ್ವಾಸಕೋಶ ಎರಡೂ ಕೆಡುತ್ತಿದ್ದವು. ಜೆಕ್ ದೇಶದ ಪೆಟ್ರ್ ನೆಚಾಸ್ ಮುಂತಾದ ಗೋಸುಂಬೆ ತಜ್ಞರು ಹಗಲಲ್ಲಿ ಗೂಡು ಒಣಗಲಿ, ರಾತ್ರಿಯ ತಂಪಿನಲ್ಲಿ ಮಂಜು, ನಸುಕಿನಲ್ಲಿ ಹನಿ ಸಿಗಲಿ ಎಂದರು. ಎರೆಹೊಲದ ಹಿಂಗಾರಿ ಬಿಳಿಜೋಳ ಇಬ್ಬನಿಯ ತಂಪಿನಲ್ಲೇ ತೆನೆಗಟ್ಟುವುದನ್ನು ನೋಡಿದ ಹುನಗುಂದದ ರೈತನಿಗೆ ಈ ಮಾತು ಬೇಗ ಅರ್ಥವಾದೀತು.

ಬಾಗಲಕೋಟೆ ಜಿಲ್ಲೆಯಲ್ಲಿ ನೋಂದಾಯಿತ ವಿದೇಶಿ ಗೋಸುಂಬೆ ಯಾರ ಮನೆಯಲ್ಲಾದರೂ ಇದ್ದರೆ ಪುಸ್ತಕದ ಲೆಕ್ಕ ಹಾಗೆಯೇ ಒಪ್ಪುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿಯ ಆಸುಪಾಸು ಬಿಸಿಲು, ಒಣಗಾಳಿ. ಬಿಸಿ ದೀಪ ಆಗ ಬೇಕಾಗುವುದಿಲ್ಲ, ನೆರಳು ಮತ್ತು ತಂಪು ಬೇಕು. ಪ್ಯಾಂಥರ್ ಗೋಸುಂಬೆಗೆ ಬಿಸಿಲು ಕಾಯುವ ಜಾಗದಲ್ಲೂ 30–32 ಡಿಗ್ರಿ ಸಾಕು. ದೊಡ್ಡ ಪ್ರಾಣಿಗೆ ಗೂಡು ಕನಿಷ್ಠ 60 ಸೆಂ.ಮೀ. ಅಗಲ, 60 ಸೆಂ.ಮೀ. ಆಳ, 120 ಸೆಂ.ಮೀ. ಎತ್ತರ ಇರಲಿ, ಒಳಗೆ ದಾಸವಾಳ, ಮನಿ ಪ್ಲಾಂಟ್‌ನಂಥ ಜೀವಂತ ಗಿಡ ಇರಲಿ. ಕೊಳವೆಬಾವಿಯ ಗಡಸು ನೀರು ತುಂತುರಿನ ನಳಿಕೆಯಲ್ಲಿ ಬಿಳಿ ಕರೆ ಕಟ್ಟುತ್ತದೆ, ಶುದ್ಧೀಕರಿಸಿದ ನೀರು ಮೇಲು. ಇಳಕಲ್‌ನಲ್ಲಿ ಗ್ರಾನೈಟ್ ಕೊಯ್ಯುವ ಕಡೆ ಹಾರುವ ಸಣ್ಣ ದೂಳು ಆ ಕಿಂಡಿಗಣ್ಣಿಗೆ ಒಳ್ಳೆಯದಲ್ಲ. ತೆಂಗಿನ ನಾರಿನ ಪುಡಿಯನ್ನು ಗೂಡಿನ ತಳಕ್ಕೆ ಹಾಸುವುದೂ ಬೇಡ. ಹುಳುಗಳಿಗೆ ಸವರುವ ಕ್ಯಾಲ್ಸಿಯಂ ಪುಡಿಯನ್ನು ಹೆಚ್ಚಾಗಿ ಮೆತ್ತಿದರೆ ಅದೂ ಕಣ್ಣಿಗೆ ಬೀಳುತ್ತದೆ. ಇಷ್ಟು ಸರಿಪಡಿಸಿಯೂ ಒಂದೆರಡು ದಿನದಲ್ಲಿ ಕಣ್ಣು ತೆರೆಯದಿದ್ದರೆ ಸರೀಸೃಪ ಬಲ್ಲ ಪಶುವೈದ್ಯರ ಬಳಿಗೆ ಒಯ್ಯಬೇಕು.

ಕಾನೂನೂ ಈ ಕ್ಷೇತ್ರದ ಜೊತೆಗೆ ಬೆಳೆದಿದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯ ಜೀವಿಗಳನ್ನೂ ಒಳಗೊಂಡಿತು. 2024ರ ಫೆಬ್ರುವರಿಯ ನಿಯಮಗಳು ಅಂಥ ಪ್ರಾಣಿಗಳನ್ನು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸುವುದನ್ನು ಕಡ್ಡಾಯ ಮಾಡಿದವು. ದಾಖಲೆಯಿಲ್ಲದ ಪ್ರಾಣಿಯನ್ನು ಕೊಳ್ಳುವುದೆಂದರೆ ಕಳ್ಳಸಾಗಣೆಗೆ ಹಣ ಕೊಟ್ಟಂತೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕನ ಸಾಮಾನಿನೊಳಗೆ 10 ಹಳದಿ ಅನಕೊಂಡಗಳು ಸಿಕ್ಕಿದ್ದು ಈ ವ್ಯಾಪಾರದ ರೀತಿಯನ್ನು ತೋರಿಸುತ್ತದೆ.

ನಮ್ಮ ಬದುವಿನ ಗೋಸುಂಬೆಗೆ ಗೂಡೂ ಬೇಡ, ದೀಪವೂ ಬೇಡ. ಅದಕ್ಕೆ ಬೇಕಾದ ಬಿಸಿಲು, ನೆರಳು, ಇಬ್ಬನಿ, ಮಿಡತೆ ಎಲ್ಲ ಜಾಲಿಯ ಸಾಲಿನಲ್ಲೇ ಇವೆ. ಮೊಟ್ಟೆಯಿಡಲು ಅದು ನೆಲಕ್ಕಿಳಿಯುತ್ತದೆ, ರಸ್ತೆ ದಾಟುವಾಗ ಚಕ್ರಕ್ಕೆ ಸಿಗುತ್ತದೆ, ಅಪಶಕುನವೆಂದು ಕಲ್ಲೇಟನ್ನೂ ತಿನ್ನುತ್ತದೆ. ರಸ್ತೆಯ ಮೇಲೆ ಕಂಡರೆ ಗಾಡಿ ನಿಲ್ಲಿಸಿ, ಒಂದು ಕಡ್ಡಿ ಚಾಚಿ, ಅದು ಹತ್ತಿಕೊಂಡ ಮೇಲೆ ಹೊರಟಿದ್ದ ದಿಕ್ಕಿನ ಪೊದೆಗೇ ಬಿಡಿ. ಗಾಯವಾಗಿದ್ದರೆ ಅಥವಾ ಯಾರಾದರೂ ಹಿಡಿದಿಟ್ಟಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.