ಲೈಟ್ ಉರೀತಿದೆ, ರೆಕಾರ್ಡ್ ಆಗ್ತಿಲ್ಲ: ಹಳೇ ಡಿವಿಆರ್ ರಿಪೇರಿ ಮಾಡಿಸಬೇಕಾ, ಹೊಸದು ತಗೋಬೇಕಾ?

ಸಾಗರ: ಹೋದ ಅಡಿಕೆ ಸುಗ್ಗಿಯಲ್ಲಿ ನಮ್ಮ ಸಂಬಂಧಿಕರೊಬ್ಬರ ಮನೆಯಿಂದ ಒಣಗಿಸಿಟ್ಟ ಅಡಿಕೆ ಎರಡು ಚೀಲ ಕಳುವಾಯ್ತು. ಪೊಲೀಸರು ಬಂದು ಮೊದಲು ಕೇಳಿದ್ದೇ ‘ಕ್ಯಾಮೆರಾ ಇದೆಯಲ್ಲ, ಫೂಟೇಜ್ ಕೊಡಿ’ ಅಂತ. ಟಿವಿಯಲ್ಲಿ ನಾಲ್ಕೂ ಕ್ಯಾಮೆರಾದ ಚಿತ್ರ ಚೆನ್ನಾಗೇ ಬರ್ತಿತ್ತು. ಹಿಂದಿನ ರಾತ್ರಿದು ಹಾಕಿ ನೋಡಿದ್ರೆ ಏನೂ ಇಲ್ಲ. ಡಿವಿಆರ್ ಲಾಗ್ ತೆಗೆದು ನೋಡಿದಾಗ ಗೊತ್ತಾಗಿದ್ದು, ಹಾರ್ಡ್ ಡಿಸ್ಕ್ ಕೆಟ್ಟು ಎರಡೂವರೆ ತಿಂಗಳಾಗಿತ್ತು. ಅದಕ್ಕೂ ಮುಂಚೆ ಡಿವಿಆರ್ ಬೀಪ್ ಬೀಪ್ ಅಂತ ಕೂಗ್ತಿತ್ತಂತೆ. ಕಿರಿಕಿರಿ ಅಂತ ಯಾರೋ ಸೆಟ್ಟಿಂಗ್‌ಗೆ ಹೋಗಿ ಆ ಶಬ್ದವನ್ನೇ ಆಫ್ ಮಾಡಿದ್ರು.

ಅಡಿಕೆ ಮನೆಯಾಗಲಿ, ಪೇಟೆಯ ಕಿರಾಣಿ ಅಂಗಡಿಯಾಗಲಿ, ಐದಾರು ವರ್ಷದ ಹಿಂದೆ ಹಾಕಿಸಿದ ಡಿವಿಆರ್‌ಗಳಿಗೆ ಈಗ ವಯಸ್ಸಾಗಿದೆ. ಡಿಗ್ರಿ ಬಿಟ್ಟ ಮೇಲೆ ಕೆಲವು ತಿಂಗಳು ನಾನು ಕ್ಯಾಮೆರಾ ಹಾಕೋರ ಜೊತೆ ವೈರ್ ಎಳೆಯೋ ಕೆಲಸಕ್ಕೆ ಹೋಗ್ತಿದ್ದೆ. ಆಗ ಕಲಿತದ್ದು, ಆಮೇಲೆ ರಿಪೇರಿಯವರ ಹತ್ರ ಕೇಳಿ ತಿಳ್ಕೊಂಡಿದ್ದು ಎಲ್ಲ ಸೇರಿಸಿ ಈ ಮಾಹಿತಿ.

ಮೊದಲು ಇವತ್ತೇ ಮಾಡಬೇಕಾದ ಕೆಲಸ

ಲೈವ್ ಚಿತ್ರ ಬರ್ತಿದೆ ಅಂದ್ರೆ ರೆಕಾರ್ಡ್ ಆಗ್ತಿದೆ ಅಂತ ಅರ್ಥ ಅಲ್ಲ. ಹಾರ್ಡ್ ಡಿಸ್ಕ್ ಇಲ್ಲದಿದ್ರೂ ಡಿವಿಆರ್ ಲೈವ್ ತೋರಿಸುತ್ತೆ. ಹಾಗಾಗಿ ಪ್ಲೇಬ್ಯಾಕ್‌ಗೆ ಹೋಗಿ ಮೂರು ವಿಷಯ ನೋಡಿ.

1. ನಿನ್ನೆ ರಾತ್ರಿ 2 ಗಂಟೆಯದ್ದು ಎಲ್ಲಾ ಕ್ಯಾಮೆರಾದಲ್ಲೂ ಸಿಗುತ್ತಾ?
2. ಎಷ್ಟು ದಿನ ಹಿಂದಿನದು ಸಿಗುತ್ತೆ?
3. ಡಿವಿಆರ್‌ನ ದಿನಾಂಕ, ಸಮಯ ನಿಮ್ಮ ಮೊಬೈಲ್‌ಗೆ ಸರಿ ಹೊಂದುತ್ತಾ?

ಆಮೇಲೆ ಮೆನುವಿನಲ್ಲಿ ಸ್ಟೋರೇಜ್ ಅಥವಾ ಎಚ್‌ಡಿಡಿ ಅಂತ ಇರೋ ಕಡೆ ಹೋಗಿ. ಡಿಸ್ಕ್ ‘ನಾರ್ಮಲ್’ ಅಂತ ಇರಬೇಕು. ‘ಎರರ್’, ‘ನೋ ಡಿಸ್ಕ್’ ಅಂತಿದ್ರೆ ಸಮಸ್ಯೆ ಇದೆ. ತಿಂಗಳಿಗೆ ಒಂದು ಸಲ, ಅಮಾವಾಸ್ಯೆ ದಿನ ಅಂಗಡಿ ಪೂಜೆ ಮಾಡೋವಾಗ ಇದನ್ನೂ ನೋಡೋ ರೂಢಿ ಇಟ್ಕೊಳ್ಳಿ. ಐದು ನಿಮಿಷದ ಕೆಲಸ.

ಯಾವ ಲಕ್ಷಣಕ್ಕೆ ಯಾವ ಕಾಯಿಲೆ?

*ಡಿವಿಆರ್ ಆನೇ ಆಗಲ್ಲ, ಅಥವಾ ಆನ್ ಆಗಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತೆ:* ಮೊದಲ ಅನುಮಾನ ಅಡಾಪ್ಟರ್ ಮೇಲೆ. ಚಿಕ್ಕ ಡಿವಿಆರ್‌ಗಳಿಗೆ ಹೆಚ್ಚಾಗಿ 12 ವೋಲ್ಟ್ ಅಡಾಪ್ಟರ್ ಇರುತ್ತೆ. ಹಳೇದಾದ ಅಡಾಪ್ಟರ್ ಮೀಟರ್ ಇಟ್ಟಾಗ 12 ತೋರಿಸಿದ್ರೂ, ಹಾರ್ಡ್ ಡಿಸ್ಕ್ ತಿರುಗೋಕೆ ಶುರು ಮಾಡಿದ ತಕ್ಷಣ ಕುಸಿಯುತ್ತೆ. ಅಷ್ಟೇ ವೋಲ್ಟ್, ಅಷ್ಟೇ ಅಥವಾ ಜಾಸ್ತಿ ಆಂಪಿಯರ್ ಇರೋ ಬೇರೆ ಅಡಾಪ್ಟರ್ ಹಾಕಿ ನೋಡಿ. ವೋಲ್ಟ್ ಮಾತ್ರ ಬದಲಾಗಬಾರದು. ಅದಕ್ಕೂ ಸರಿ ಹೋಗದಿದ್ರೆ, ಕರೆಂಟ್ ತೆಗೆದು, ಮುಚ್ಚಳ ಬಿಚ್ಚಿ, ಹಾರ್ಡ್ ಡಿಸ್ಕ್‌ನ ಎರಡೂ ವೈರ್ ಕಳಚಿ ಆನ್ ಮಾಡಿ. ಈಗ ನಿಂತ್ಕೊಂಡ್ರೆ ತಪ್ಪು ಡಿಸ್ಕ್‌ದು. ಆಗಲೂ ರೀಸ್ಟಾರ್ಟ್ ಆದ್ರೆ ಬೋರ್ಡ್‌ದೇ ತೊಂದರೆ ಇರಬೇಕು. ವಾರಂಟಿ ಇನ್ನೂ ಇದ್ರೆ ಮಾತ್ರ ಮುಚ್ಚಳ ನೀವೇ ಬಿಚ್ಚಬೇಡಿ.

*ಬೀಪ್ ಬೀಪ್ ಶಬ್ದ:* ಹೆಚ್ಚಾಗಿ ಹಾರ್ಡ್ ಡಿಸ್ಕ್ ಸಿಗ್ತಿಲ್ಲ, ಕೆಟ್ಟಿದೆ ಅಥವಾ ತುಂಬಿದೆ ಅಂತ ಡಿವಿಆರ್ ಹೇಳ್ತಿದೆ. ಒಳಗಿನಿಂದ ಟಿಕ್ ಟಿಕ್ ಅಂತ ಬಂದ್ರೆ ಡಿಸ್ಕ್ ಹೋಗೋ ಹಾದಿಯಲ್ಲಿದೆ. ಶಬ್ದ ಆಫ್ ಮಾಡಬೇಡಿ, ಕಾರಣ ಹುಡುಕಿ.

*ದಿನಾಂಕ 2000ಕ್ಕೋ ಇನ್ಯಾವುದೋ ಹಳೇ ವರ್ಷಕ್ಕೋ ಹೋಗುತ್ತೆ:* ಬೋರ್ಡ್ ಮೇಲಿನ ಗುಂಡಗಿನ ಸೆಲ್ ಖಾಲಿಯಾಗಿದೆ. ತುಂಬಾ ಡಿವಿಆರ್‌ಗಳಲ್ಲಿ ಇರೋದು ಸಿಆರ್2032 ಸೆಲ್, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತೆ. ಕೆಲವದರಲ್ಲಿ ಬೆಸುಗೆ ಹಾಕಿರ್ತಾರೆ, ಅದನ್ನು ರಿಪೇರಿಯವರಿಗೇ ಬಿಡಿ. ಇದು ಸಣ್ಣ ವಿಷಯ ಅಲ್ಲ. ಸಮಯ ತಪ್ಪಿದ್ರೆ ಕಳ್ಳತನ ಆದ ಹೊತ್ತಿನ ಫೂಟೇಜ್ ಹುಡುಕೋದು ಕಷ್ಟ, ಸಾಕ್ಷ್ಯವಾಗಿ ಕೊಟ್ಟಾಗಲೂ ಪ್ರಶ್ನೆ ಏಳುತ್ತೆ.

*ಒಂದೇ ಕ್ಯಾಮೆರಾ ಬರ್ತಿಲ್ಲ:* ಡಿವಿಆರ್ ಹಿಂದೆ ಆ ಕ್ಯಾಮೆರಾದ ಪಿನ್ ತೆಗೆದು, ಚೆನ್ನಾಗಿ ಬರ್ತಿರೋ ಚಾನೆಲ್‌ಗೆ ಹಾಕಿ. ಅಲ್ಲೂ ಬರದಿದ್ರೆ ಕ್ಯಾಮೆರಾ, ವೈರ್ ಅಥವಾ ಪವರ್ ಸಪ್ಲೈ ತಪ್ಪು. ಅಲ್ಲಿ ಬಂದ್ರೆ ಡಿವಿಆರ್‌ನ ಆ ಪೋರ್ಟ್ ಹೋಗಿದೆ.

*ಹಗಲು ಬರುತ್ತೆ, ರಾತ್ರಿ ಹೋಗುತ್ತೆ:* ಇದು ಡಿವಿಆರ್ ತಪ್ಪಲ್ಲ. ಕತ್ತಲಾದ ಮೇಲೆ ಕ್ಯಾಮೆರಾದ ಐಆರ್ ಲೈಟ್ ಉರಿಯೋಕೆ ಜಾಸ್ತಿ ಕರೆಂಟ್ ಬೇಕು. ಕ್ಯಾಮೆರಾಗಳಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ ಸೋತಿದ್ರೆ ಅಥವಾ ವೈರ್ ತುಂಬಾ ಉದ್ದ ಇದ್ರೆ ಹೀಗಾಗುತ್ತೆ. ಇದಕ್ಕೆ ಹೊಸ ಡಿವಿಆರ್ ತಗೊಂಡು ದುಡ್ಡು ಕಳ್ಕೊಂಡವರಿದ್ದಾರೆ.

*ಮೊಬೈಲ್‌ನಲ್ಲಿ ಬರ್ತಿಲ್ಲ, ಟಿವಿಯಲ್ಲಿ ಬರುತ್ತೆ:* ಮೊದಲು ಇಂಟರ್ನೆಟ್, ರೂಟರ್ ವೈರ್ ನೋಡಿ. ಎಲ್ಲ ಸರಿ ಇದ್ರೆ ನಿಮ್ಮ ಮಾಡೆಲ್‌ಗೆ ಕಂಪನಿಯ ಆ್ಯಪ್ ಇನ್ನೂ ಇದೆಯಾ ಅಂತ ಕೇಳಿ. ಹಳೇ ಡಿವಿಆರ್ ಕೆಲವನ್ನು ಕಂಪ್ಯೂಟರಲ್ಲಿ ನೋಡೋಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಕಿತ್ತು. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದೆ.

ಹಾರ್ಡ್ ಡಿಸ್ಕ್ ಬದಲಿಸೋವಾಗ

ಡಿವಿಆರ್‌ನಲ್ಲಿ ಹಗಲು ರಾತ್ರಿ ಸವೆಯೋ ಭಾಗ ಇದು. ಕಂಪ್ಯೂಟರ್‌ನಿಂದ ತೆಗೆದ ಹಳೇ ಡಿಸ್ಕ್ ಅಗ್ಗಕ್ಕೆ ಸಿಕ್ತು ಅಂತ ಹಾಕಿಸ್ಕೊಳ್ಳಬೇಡಿ. ಕ್ಯಾಮೆರಾ ರೆಕಾರ್ಡಿಂಗ್‌ಗೆ ಅಂತಲೇ ಮಾಡಿದ ಸರ್ವೆಲೆನ್ಸ್ ಡಿಸ್ಕ್ ಬರುತ್ತೆ. ವೆಸ್ಟರ್ನ್ ಡಿಜಿಟಲ್‌ನವರ ಪರ್ಪಲ್, ಸೀಗೇಟ್‌ನವರ ಸ್ಕೈಹಾಕ್ ಇದೇ ಜಾತಿಯವು. 24 ಗಂಟೆ ಬರೀತಾ ಇರೋಕೆ ಅಂತ ಮಾಡಿರೋವು. ಡಿಸ್ಕ್ ಮೇಲಿನ ಸೀರಿಯಲ್ ನಂಬರ್ ಅನ್ನು ಕಂಪನಿ ವೆಬ್‌ಸೈಟ್‌ನಲ್ಲಿ ಹಾಕಿದ್ರೆ ವಾರಂಟಿ ಇದೆಯಾ ಇಲ್ವಾ ಗೊತ್ತಾಗುತ್ತೆ. ಪೆಟ್ಟಿಗೆ ಹೊಸದು, ಒಳಗಿನ ಡಿಸ್ಕ್ ಹಳೇದು ಅನ್ನೋ ಮೋಸ ಇದರಿಂದ ಸಿಕ್ಕಿಬೀಳುತ್ತೆ.

ಎಷ್ಟು ದೊಡ್ಡದು ಬೇಕು? ಲೆಕ್ಕ ಹೀಗೆ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಎಚ್.264ನಲ್ಲಿ 4 ಎಂಬಿಪಿಎಸ್‌ಗೆ ಸೆಟ್ ಆಗಿದ್ರೆ ಗಂಟೆಗೆ 1.8 ಜಿಬಿ, ದಿನಕ್ಕೆ ಸುಮಾರು 43 ಜಿಬಿ. ನಾಲ್ಕು ಕ್ಯಾಮೆರಾಗೆ ದಿನಕ್ಕೆ ಸುಮಾರು 173 ಜಿಬಿ. ಅಂದ್ರೆ 1 ಟಿಬಿ ಡಿಸ್ಕ್‌ನಲ್ಲಿ ಆರು ದಿನವೂ ನಿಲ್ಲಲ್ಲ. ಎಚ್.265 ಇರೋ ಹೊಸ ಡಿವಿಆರ್‌ನಲ್ಲಿ 2 ಎಂಬಿಪಿಎಸ್ ಇಟ್ರೆ ಅದೇ ಡಿಸ್ಕ್ ಹನ್ನೊಂದು ದಿನ ದಾಟುತ್ತೆ. ಪೂರ್ತಿ 30 ದಿನ ಬೇಕಂದ್ರೆ ಈ ಲೆಕ್ಕದಲ್ಲಿ ಸುಮಾರು 2.6 ಟಿಬಿ ಬೇಕು, ಸ್ವಲ್ಪ ಜಾಗ ಬಿಟ್ಟು ದೊಡ್ಡದೇ ಹಾಕಿಸಿ. ನಿಮ್ಮ ಡಿವಿಆರ್ ಎಷ್ಟು ಟಿಬಿವರೆಗೆ ತಗೊಳ್ಳುತ್ತೆ ಅಂತ ಮೊದಲೇ ಕೇಳಿ. ಹಳೇವಕ್ಕೆ ಮಿತಿ ಇರುತ್ತೆ.

30 ದಿನ ಯಾಕೆ ಅಂದ್ರೆ, ಕರ್ನಾಟಕ ಸಾರ್ವಜನಿಕ ಸುರಕ್ಷತೆ (ಕ್ರಮಗಳು) ಜಾರಿ ಕಾಯ್ದೆ, 2017ರ ಪ್ರಕಾರ ಹೆಚ್ಚು ಜನ ಸೇರೋ ಜಾಗಗಳಲ್ಲಿ ಕ್ಯಾಮೆರಾ ಇರಬೇಕು, ಫೂಟೇಜ್ 30 ದಿನ ಇಟ್ಟಿರಬೇಕು. ಕಲ್ಯಾಣ ಮಂಟಪ, ದೊಡ್ಡ ಅಂಗಡಿ, ಆಸ್ಪತ್ರೆ ನಡೆಸೋರು ತಮಗೆ ಅನ್ವಯ ಆಗುತ್ತಾ ಅಂತ ಠಾಣೆಯಲ್ಲಿ ಕೇಳಿ ತಿಳ್ಕೊಳ್ಳಿ.

ರಿಪೇರಿ ಯಾವಾಗ, ಹೊಸದು ಯಾವಾಗ?

ಅಡಾಪ್ಟರ್, ಸೆಲ್, ಫ್ಯಾನ್, ಹಾರ್ಡ್ ಡಿಸ್ಕ್, ಈ ನಾಲ್ಕರಲ್ಲಿ ಒಂದು ಹೋಗಿದ್ರೆ ರಿಪೇರಿನೇ ಸರಿ. ಹೊಸ ಡಿಸ್ಕ್ ಹಾಕಿಸಿದ್ರೂ ನಷ್ಟ ಇಲ್ಲ. ಮುಂದೆ ಡಿವಿಆರ್ ಬದಲಿಸಿದಾಗ ಅದೇ ಡಿಸ್ಕ್ ಹೊಸದಕ್ಕೆ ಹಾಕ್ಕೋಬಹುದು.

ಬೋರ್ಡ್ ಹೋಗಿದ್ರೆ, ಅದರಲ್ಲೂ ಸಿಡಿಲಿಗೆ ಹೋಗಿದ್ರೆ ಯೋಚನೆ ಮಾಡಿ. ರಿಪೇರಿ ಖರ್ಚು ಹೊಸ ಡಿವಿಆರ್‌ನ ಅರ್ಧ ದಾಟಿದ್ರೆ ಹೊಸದೇ ವಾಸಿ. ಸಿಡಿಲು ತಿಂದ ಬೋರ್ಡ್ ಇವತ್ತು ಒಂದು ಪೋರ್ಟ್ ಸರಿ ಮಾಡಿದ್ರೆ ನಾಳೆ ಇನ್ನೊಂದು ಕೈ ಕೊಡಬಹುದು. ಹಾಗೇ ಮುಖ ಗುರುತು ಸಿಗದಷ್ಟು ಮಸುಕಾಗಿ ರೆಕಾರ್ಡ್ ಮಾಡೋ ಹಳೇ ಡಿವಿಆರ್‌ಗೆ ದುಡ್ಡು ಹಾಕೋದ್ರಲ್ಲಿ ಅರ್ಥ ಇಲ್ಲ.

ಹೊಸದು ಅಂದ ತಕ್ಷಣ ಎಲ್ಲಾ ಕ್ಯಾಮೆರಾ, ವೈರ್ ಬದಲಿಸಬೇಕು ಅಂತ ಯಾರಾದ್ರೂ ಹೇಳಿದ್ರೆ ಒಂದು ಸಲ ನಿಂತು ಕೇಳಿ. ನಿಮ್ಮದು ದುಂಡಗಿನ ಕೋಆಕ್ಸಿಯಲ್ ವೈರ್, ತಿರುಗಿಸಿ ಹಾಕೋ ಬಿಎನ್‌ಸಿ ಪಿನ್ ಆಗಿದ್ರೆ, ಈಗಿನ ಎಕ್ಸ್‌ವಿಆರ್ ಅನ್ನೋ ಡಬ್ಬಿಗಳು ಹಳೇ ಅನಲಾಗ್ ಕ್ಯಾಮೆರಾನೂ ತಗೊಳ್ತವೆ, ಎಚ್‌ಡಿ ಕ್ಯಾಮೆರಾನೂ ತಗೊಳ್ತವೆ. ಡಬ್ಬಿ ಮಾತ್ರ ಬದಲಿಸಿ, ಕ್ಯಾಮೆರಾ ಒಂದೊಂದಾಗಿ ಆಮೇಲೆ ಬದಲಿಸಬಹುದು. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್‌ದೋ ಅದನ್ನು ಡಿವಿಆರ್ ತಗೊಳ್ಳುತ್ತಾ ಅಂತ ನೋಡ್ಕೊಳ್ಳಿ. ಇಂಟರ್ನೆಟ್ ವೈರ್ ತರದ ಕೇಬಲ್ ಬಂದಿದ್ರೆ ಅದು ಐಪಿ ಕ್ಯಾಮೆರಾ ಇರಬಹುದು. ಅದಕ್ಕೆ ಬೇಕಿರೋದು ಎನ್‌ವಿಆರ್. ಆ ಕೇಬಲ್ ಒಂದು ಎಳೆತಕ್ಕೆ 100 ಮೀಟರ್ ಮಿತಿ. ತೋಟದ ತುದಿಗೆ ಎಳೆಸೋರು ಇದನ್ನು ನೆನಪಿಡಿ.

ಹೊಸ ಕ್ಯಾಮೆರಾನೂ ತಗೊಳ್ಳೋರಿಗೆ ಒಂದು ಮಾತು. 2025ರ ಏಪ್ರಿಲ್ 9ರಿಂದ ದೇಶದಲ್ಲಿ ಮಾರೋ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರ ಹೊಸ ಸುರಕ್ಷತಾ ಪರೀಕ್ಷೆ ಕಡ್ಡಾಯ ಮಾಡಿದೆ. ಅಂಗಡಿಯಲ್ಲಿ ಆ ಪ್ರಮಾಣಪತ್ರ ಇರೋ ಮಾಡೆಲ್ ಕೇಳಿ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ವಾರಂಟಿ ವಿಷಯದಲ್ಲಿ ಆಟ ಆಡಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಪಾಸ್‌ವರ್ಡ್ ಬದಲಿಸಿ

ಡಿವಿಆರ್ ಜೊತೆ ಬಂದ ಪಾಸ್‌ವರ್ಡ್ ಹಾಗೇ ಇದ್ರೆ ನಿಮ್ಮ ಅಂಗಡಿ ಗಲ್ಲಾಪೆಟ್ಟಿಗೆ ಊರೆಲ್ಲ ನೋಡಬಹುದು. 2016ರಲ್ಲಿ ‘ಮಿರಾಯ್’ ಅನ್ನೋ ವೈರಸ್ ಹೀಗೆ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡಿದು ಅಮೆರಿಕದಲ್ಲಿ ದೊಡ್ಡ ವೆಬ್‌ಸೈಟ್‌ಗಳನ್ನು ಗಂಟೆಗಟ್ಟಲೆ ಮಲಗಿಸಿತ್ತು. ಹೊಸ ಪಾಸ್‌ವರ್ಡ್ ಮನೆ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ, ಕ್ಯಾಮೆರಾ ಹಾಕಿದವರಿಗೆ ಮಾತ್ರ ಗೊತ್ತಿರೋ ಹಾಗೆ ಬಿಡಬೇಡಿ.

ಮಲೆನಾಡಿನವರಿಗೆ

ಸಿಡಿಲು, ಶೀತ, ಹಲ್ಲಿ, ಇರುವೆ, ಈ ನಾಲ್ಕೇ ಇಲ್ಲಿ ಡಿವಿಆರ್‌ನ ಶತ್ರು. ಗುಡುಗು ಶುರುವಾದ್ರೆ ಕರೆಂಟ್ ಪ್ಲಗ್ ತೆಗೆದ್ರೆ ಸಾಲದು. ತೋಟದಿಂದ, ಗೇಟಿನಿಂದ ಬಂದ ಉದ್ದ ವೈರ್‌ಗಳ ಪಿನ್ ಮತ್ತು ಇಂಟರ್ನೆಟ್ ವೈರ್ ಕೂಡ ಕಳಚಬೇಕು. ಆದರೆ ಸಿಡಿಲು ತಲೆ ಮೇಲೆ ಬಂದ ಮೇಲೆ ವೈರ್ ಮುಟ್ಟೋಕೆ ಹೋಗಬೇಡಿ, ಮೋಡ ಕಟ್ಟೋವಾಗಲೇ ಮಾಡಿ. ಡಬ್ಬಿಯನ್ನು ಗಾಳಿಯಾಡದ ಕಪಾಟಿನಲ್ಲಿ ತುರುಕಬೇಡಿ. ಹಾಗಂತ ಕ್ಯಾಶ್ ಕೌಂಟರ್ ಮೇಲೂ ಇಡಬೇಡಿ, ಕಳ್ಳ ಮೊದಲು ಹೊತ್ಕೊಂಡು ಹೋಗೋದೇ ಅದನ್ನ. ಚಿಕ್ಕ ಯುಪಿಎಸ್‌ಗೆ ಡಿವಿಆರ್ ಜೊತೆ ಕ್ಯಾಮೆರಾ ಪವರ್ ಸಪ್ಲೈನೂ ಸೇರಿಸಿ. ಇಲ್ಲದಿದ್ರೆ ಕರೆಂಟ್ ಹೋದಾಗ ಡಿವಿಆರ್ ಕಪ್ಪು ಪರದೆಯನ್ನೇ ರೆಕಾರ್ಡ್ ಮಾಡುತ್ತೆ.

ಕಳ್ಳತನ ಆದ ಮೇಲೆ

ಡಿಸ್ಕ್ ತುಂಬಿದ ಮೇಲೆ ಡಿವಿಆರ್ ಹಳೇದನ್ನು ಅಳಿಸಿ ಹೊಸದನ್ನು ಬರೆಯುತ್ತೆ. ಹಾಗಾಗಿ ತಡ ಮಾಡದೆ ಬೇಕಾದ ಹೊತ್ತಿನದ್ದನ್ನು ಪೆನ್‌ಡ್ರೈವ್‌ಗೆ ಬ್ಯಾಕಪ್ ತಗೊಳ್ಳಿ. ಬರದಿದ್ರೆ ಡಿವಿಆರ್ ಆಫ್ ಮಾಡಿ ಪೊಲೀಸರಿಗೆ ಹೇಳಿ. ಡಿಸ್ಕ್ ತೆಗೆದು ಕಂಪ್ಯೂಟರ್‌ಗೆ ಹಾಕಿದಾಗ ‘ಫಾರ್ಮ್ಯಾಟ್ ಮಾಡಲಾ’ ಅಂತ ಕೇಳುತ್ತೆ, ಬೇರೆ ಕಂಪನಿ ಡಿವಿಆರ್‌ಗೆ ಹಾಕಿದ್ರೂ ಕೇಳಬಹುದು. ಯಾವ ಕಾರಣಕ್ಕೂ ಒತ್ತಬೇಡಿ.

2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪೆನ್‌ಡ್ರೈವ್ ಕಾಪಿ ಕೊಡೋವಾಗ ಅದರ ಜೊತೆ ಪ್ರಮಾಣಪತ್ರ ಬೇಕು. ಒಂದು ಭಾಗ ಡಿವಿಆರ್ ನೋಡ್ಕೊಳ್ಳೋರದು, ಇನ್ನೊಂದು ಭಾಗ ತಜ್ಞರದು. ಠಾಣೆಯಲ್ಲಿ ನಮೂನೆ ಕೇಳಿ ತುಂಬಿಸಿ. ವಾಟ್ಸಾಪ್‌ನಲ್ಲಿ ಕಳಿಸಿದ ತುಣುಕು ಗುರುತು ಹಿಡಿಯೋಕೆ ಆದೀತು, ಕೋರ್ಟ್‌ನಲ್ಲಿ ಅದನ್ನೇ ನಂಬಿ ಕೂರಬೇಡಿ.

ಕೊನೆಗೆ, ಹಳೇ ಡಿವಿಆರ್ ಗುಜರಿಗೆ ಹಾಕೋ ಮುಂಚೆ ಹಾರ್ಡ್ ಡಿಸ್ಕ್ ತೆಗೆದಿಟ್ಕೊಳ್ಳಿ. ಅದರಲ್ಲಿ ನಿಮ್ಮ ಮನೆಯ ದಿನಚರಿ ಪೂರ್ತಿ ಇರುತ್ತೆ. ಉಳಿದ ಡಬ್ಬಿಯನ್ನು ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ.

ನಮ್ಮ ಸಂಬಂಧಿಕರ ಅಡಿಕೆ ಇನ್ನೂ ಸಿಕ್ಕಿಲ್ಲ. ಹೊಸ ಡಿಸ್ಕ್ ಹಾಕಿಸಿದ್ದಾರೆ, ಬೀಪ್ ಶಬ್ದಾನೂ ಮತ್ತೆ ಆನ್ ಮಾಡಿಸಿದ್ದಾರೆ. ನೀವು ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ, ನಿನ್ನೆ ರಾತ್ರಿ 2 ಗಂಟೆಯದ್ದು ಸಿಗುತ್ತಾ ಒಂದು ಸಲ ನೋಡಿ.