ನಮ್ಮೂರಿನ ಟೆಂಟ್ ಸಿನಿಮಾ

ಕನ್ನಡ ಚಿತ್ರ ಮಾತು ಕಲಿತದ್ದು 1934ರಲ್ಲಿ, ‘ಸತಿ ಸುಲೋಚನ’ದಿಂದ. ನಮ್ಮಂತಹ ಸಣ್ಣ ಊರುಗಳಿಗೆ ಆ ಮಾತನ್ನು ಹೊತ್ತು ತಂದದ್ದು ಟೂರಿಂಗ್ ಟಾಕೀಸಿನ ಡೇರೆ. ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಬದಲಿಸುವಾಗಲೆಲ್ಲ ಬಿಡುವು. ಎರಡು ಕಾರ್ಬನ್ ಕಡ್ಡಿಗಳ ನಡುವಿನ ಉರಿಯೇ ಪರದೆಯ ಬೆಳಕು. ಕಡ್ಡಿ ಸವೆದರೆ ರಾಜಕುಮಾರರ ಮುಖವೂ ಮಂಕಾಗುತ್ತಿತ್ತು! ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಕೇಳಿಸಿತೆಂದರೆ ಟಿಕೆಟ್ ಕೊಡುವ ಹೊತ್ತಾಯಿತೆಂದು ಅರ್ಥ. ನಮ್ಮ ತಾಯಿಯವರು ಅಷ್ಟರೊಳಗೆ ಒಲೆ ಆರಿಸಿರುತ್ತಿದ್ದರು. ದೇವಸ್ಥಾನವನ್ನು ಬಿಟ್ಟರೆ, ನೆರೆಯ ಹೆಂಗಸರೊಡನೆ ಅವರು ಯಾರ ಅಪ್ಪಣೆಗೂ ಕಾಯದೆ ಹೋಗುತ್ತಿದ್ದ ಜಾಗ ಅದೊಂದೇ. ಬರೀ ಮನರಂಜನೆಯೆಂದು ಅದನ್ನು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ. ಈಗ ಆ ಬಯಲಿನಲ್ಲಿ ಮನೆಗಳೆದ್ದಿವೆ. ಡೇರೆಯಾದ್ದರಿಂದ ಗುರುತಿಗೆ ಒಂದು ಗೋಡೆಯೂ ಉಳಿದಿಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅದರ ಛಾಯಾಚಿತ್ರವೋ ಹಳೆಯ ಟಿಕೆಟ್ಟೋ ಇದ್ದರೆ ದಯವಿಟ್ಟು ತಿಳಿಸಿರಿ.