ಕ್ಲಿಪ್ ಡಾಕ್ಟರು ಬಂದ ದಾರಿ

ಮಗಳ ಕೋರೆಹಲ್ಲು ಮೇಲೆದ್ದು ಬಂದಿದೆ, ಕ್ಲಿಪ್ ಹಾಕಿಸಬೇಕು ಎಂದು ಹೊರಟ ತಂದೆತಾಯಿ ಸಾಮಾನ್ಯವಾಗಿ ಮನೆ ಹತ್ತಿರದ ಹಲ್ಲಿನ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಬೋರ್ಡಿನಲ್ಲಿ ಎಂ.ಡಿ.ಎಸ್. ಎಂದಿದ್ದರೆ ಸಮಾಧಾನ. ಆದರೆ ಆ ಮೂರಕ್ಷರವೊಂದೇ ಸಾಲದು. ನಮ್ಮ ದೇಶದಲ್ಲಿ ಬಿ.ಡಿ.ಎಸ್. ಎಂದರೆ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಎಂ.ಡಿ.ಎಸ್. ಅದರ ಮೇಲೆ ಇನ್ನೂ ಮೂರು ವರ್ಷ. ಅದರಲ್ಲಿ ಒಂಬತ್ತು ಕವಲುಗಳಿವೆ. ಒಬ್ಬರು ವಸಡಿನ ತಜ್ಞರು, ಒಬ್ಬರು ಕಟ್ಟುಹಲ್ಲಿನವರು, ಇನ್ನೊಬ್ಬರು ದವಡೆಯ ಶಸ್ತ್ರಚಿಕಿತ್ಸಕರು. ಹಲ್ಲು ಸಾಲಾಗಿಸುವ ಆರ್ಥೊಡಾಂಟಿಸ್ಟ್ ಆ ಒಂಬತ್ತರಲ್ಲಿ ಒಬ್ಬರು. ಎಲ್ಲ ಆರ್ಥೊಡಾಂಟಿಸ್ಟರೂ ದಂತವೈದ್ಯರೇ, ದಂತವೈದ್ಯರೆಲ್ಲ ಆರ್ಥೊಡಾಂಟಿಸ್ಟರಲ್ಲ.

ಈ ವ್ಯತ್ಯಾಸ ಬರೀ ಡಿಗ್ರಿಯದು ಎಂದುಕೊಂಡರೆ ವಿಷಯದ ತಿರುಳು ತಪ್ಪಿಹೋಗುತ್ತದೆ. ದಂತವೈದ್ಯರ ಮುಂದೆ ಬರುವುದು ಕೆಟ್ಟ ಹಲ್ಲು. ಹುಳುಕು ಕೊರೆದು ತುಂಬುವುದು, ರೂಟ್ ಕೆನಾಲ್ ಮಾಡುವುದು, ಕ್ಯಾಪ್ ಕೂರಿಸುವುದು, ಉಳಿಯದ್ದನ್ನು ಕೀಳುವುದು ಅವರ ಕೆಲಸ. ಆರ್ಥೊಡಾಂಟಿಸ್ಟ್ ಮುಟ್ಟುವುದು ಬಹುಮಟ್ಟಿಗೆ ಆರೋಗ್ಯವಂತ ಹಲ್ಲನ್ನು. ಅದನ್ನು ಬೇರುಸಹಿತ, ಜೀವಸಹಿತ, ಮೂಳೆಯೊಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ನಡೆಸಬೇಕು. ಹಾಗಾಗಿ ಅವರು ನಿಜವಾಗಿ ಓದುವುದು ಮೂಳೆಯನ್ನು ಮತ್ತು ಅದು ಬೆಳೆಯುವ ಕಾಲವನ್ನು. ಇಷ್ಟು ತಿಳಿಯಲು ಈ ವಿದ್ಯೆಗೆ ಇನ್ನೂರು ವರ್ಷ ಹಿಡಿಯಿತು.

ಹಾಲುಹಲ್ಲು ಬೀಳದೆ ಅದರ ಪಕ್ಕದಲ್ಲೇ ಹೊಸ ಹಲ್ಲು ಹುಟ್ಟಿದರೆ ಹಳೆಯದನ್ನು ತೆಗೆದು, ಹೊಸದನ್ನು ದಿನಾ ಬೆರಳಿನಿಂದ ಒತ್ತಿ ಜಾಗಕ್ಕೆ ತರಬೇಕೆಂದು ಒಂದನೇ ಶತಮಾನದ ರೋಮನ್ ಲೇಖಕ ಸೆಲ್ಸಸ್ ಬರೆದಿದ್ದ. ಅಲ್ಲಿಂದ ನೇರವಾಗಿ 1728ಕ್ಕೆ ಬರಬಹುದು. ಆ ವರ್ಷ ಪ್ಯಾರಿಸ್ಸಿನ ಪಿಯೆರ್ ಫೋಷಾರ್ ದಂತವೈದ್ಯಕೀಯದ ದೊಡ್ಡ ಗ್ರಂಥ ಪ್ರಕಟಿಸಿದ. ಲಾಳದಂತೆ ಬಾಗಿಸಿದ ಲೋಹದ ಪಟ್ಟಿಗೆ ವಕ್ರ ಹಲ್ಲುಗಳನ್ನು ದಾರದಿಂದ ಬಿಗಿದು ಸಾಲಿಗೆಳೆಯುವ ಉಪಾಯ ಅದರಲ್ಲಿದೆ. ಹಲ್ಲು ಕೀಳುವವನೂ ತುಂಬುವವನೂ ಎಳೆಯುವವನೂ ಆಗ ಒಬ್ಬನೇ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಗತ್ತಿನ ಮೊದಲ ದಂತ ಕಾಲೇಜು ತೆರೆದ ಮೇಲೂ ವಕ್ರದಂತಕ್ಕೆ ಪಾಠದಲ್ಲಿ ಸಿಕ್ಕಿದ್ದು ಒಂದು ಮೂಲೆ ಮಾತ್ರ. ಮರುವರ್ಷ ಫ್ರಾನ್ಸಿನ ಲೆಫೂಲಾನ್ ಗ್ರೀಕಿನ ‘ನೇರ’, ‘ಹಲ್ಲು’ ಎಂಬ ಪದಗಳನ್ನು ಕೂಡಿಸಿ ಈ ವಿದ್ಯೆಗೆ ಹೆಸರಿಟ್ಟ. ಹೆಸರು ಹುಟ್ಟಿತು, ಕಸುಬು ಇನ್ನೂ ಹುಟ್ಟಿರಲಿಲ್ಲ.

ಅದನ್ನು ಹುಟ್ಟಿಸಿದವನು ಎಡ್ವರ್ಡ್ ಹಾರ್ಟ್ಲಿ ಆಂಗಲ್ (1855–1930). ಪೆನ್ಸಿಲ್ವೇನಿಯಾದಲ್ಲಿ ದಂತವೈದ್ಯಕೀಯ ಓದಿದ ಆಂಗಲ್ 1899ರಲ್ಲಿ ಒಂದು ವರ್ಗೀಕರಣ ಪ್ರಕಟಿಸಿದ. ಆರನೇ ವಯಸ್ಸಿನ ಆಸುಪಾಸಿನಲ್ಲಿ ಹುಟ್ಟುವ ಮೊದಲ ಶಾಶ್ವತ ದವಡೆಹಲ್ಲು ಮೇಲೂ ಕೆಳಗೂ ಹೇಗೆ ಕೂಡುತ್ತದೆ ಎಂಬುದರ ಮೇಲೆ ವಕ್ರತೆಯನ್ನೆಲ್ಲ ಮೂರು ವರ್ಗ ಮಾಡಿದ. ಮುಂದಿನ ಹಲ್ಲು ಉಬ್ಬಿದೆ, ಒಂದರ ಮೇಲೊಂದು ಏರಿದೆ ಎಂದು ಹೊರನೋಟಕ್ಕೆ ಹೇಳುತ್ತಿದ್ದವರನ್ನು ಬಾಯಿಯ ಹಿಂಭಾಗ ನೋಡುವಂತೆ ಮಾಡಿದ್ದು ಅದರ ಹಿರಿಮೆ. ಇವತ್ತಿಗೂ ಬೆಂಗಳೂರಿನ ವಿದ್ಯಾರ್ಥಿ ಕೇಸ್ ಶೀಟಿನಲ್ಲಿ ಮೊದಲು ಬರೆಯುವುದು ಆಂಗಲ್‌ನ ವರ್ಗವನ್ನೇ. ದಂತ ಕಾಲೇಜುಗಳು ಈ ವಿಷಯಕ್ಕೆ ತಕ್ಕ ಸಮಯ ಕೊಡಲಿಲ್ಲವೆಂದು ಆತ 1900ರಲ್ಲಿ ಸೇಂಟ್ ಲೂಯಿಯಲ್ಲಿ ಸ್ವಂತ ಶಾಲೆ ತೆರೆದ. ಅದೇ ವರ್ಷ ಅಮೆರಿಕದ ಆರ್ಥೊಡಾಂಟಿಸ್ಟರ ಸಂಘವೂ ಹುಟ್ಟಿತು. ಹುಳುಕು ತುಂಬುವುದನ್ನು ಬಿಟ್ಟು ಇದೊಂದನ್ನೇ ಮಾಡುವ ವೈದ್ಯರ ಪರಂಪರೆ ಅಲ್ಲಿಂದ ಮೊದಲಾಯಿತು.

ಆಂಗಲ್‌ನ ನಂಬಿಕೆ ಹಟದ್ದು. ಪ್ರಕೃತಿ ಮೂವತ್ತೆರಡು ಹಲ್ಲು ಕೊಟ್ಟಿದೆ, ಅಷ್ಟನ್ನೂ ಸರಿಯಾಗಿ ಕೂಡಿಸಿದರೆ ಮುಖವೂ ತಾನಾಗಿ ಸುಂದರವಾಗುತ್ತದೆ. ಜಾಗಕ್ಕಾಗಿ ಹಲ್ಲು ಕೀಳುವುದು ತಪ್ಪು. ಅವನ ಕಾಲದ ಇನ್ನೊಬ್ಬ ಆರ್ಥೊಡಾಂಟಿಸ್ಟ್ ಕ್ಯಾಲ್ವಿನ್ ಕೇಸ್ ಒಪ್ಪಲಿಲ್ಲ. ಕೆಲವರ ದವಡೆಯಲ್ಲಿ ಅಷ್ಟು ಜಾಗವೇ ಇರುವುದಿಲ್ಲ, ಬಲವಂತಕ್ಕೆ ತುರುಕಿದರೆ ಮುಖ ಉಬ್ಬುತ್ತದೆ ಎಂದು 1911ರಲ್ಲಿ ಬಹಿರಂಗವಾಗಿ ವಾದಿಸಿದ. ಸಭೆ ಗೆದ್ದದ್ದು ಆಂಗಲ್‌ನ ಪಕ್ಷ. ಅದನ್ನು ತಿರುಗಿಸಿದವನು ಆಂಗಲ್‌ನ ಶಿಷ್ಯನೇ. ಅರಿಜೋನಾದ ಚಾರ್ಲ್ಸ್ ಟ್ವೀಡ್ ಗುರು ಹೇಳಿದಂತೆ ಒಂದು ಹಲ್ಲೂ ಕೀಳದೆ ಸಾಲಾಗಿಸಿದ ರೋಗಿಗಳನ್ನು ಮತ್ತೆ ಕರೆಸಿ ನೋಡಿದ. ಎಷ್ಟೋ ಬಾಯಿಗಳು ಹಿಂದಿನ ಸ್ಥಿತಿಗೇ ಮರಳಿದ್ದವು. ಅವರಲ್ಲಿ ಹಲವರಿಗೆ ನಾಲ್ಕು ಮುಂದವಡೆ ಹಲ್ಲು ತೆಗೆಸಿ, ಎರಡನೇ ಸಲ ಚಿಕಿತ್ಸೆ ಮಾಡಿ, ಹಳೆಯ ಮತ್ತು ಹೊಸ ಅಚ್ಚುಗಳನ್ನು 1940ರ ಹೊತ್ತಿಗೆ ಸಹೋದ್ಯೋಗಿಗಳ ಮುಂದಿಟ್ಟ. ಆಂಗಲ್‌ನ ಮತ್ತೊಬ್ಬ ಶಿಷ್ಯ ಆಸ್ಟ್ರೇಲಿಯಾದ ರೇಮಂಡ್ ಬೆಗ್ ಕೂಡ ಬೇರೆ ದಾರಿಯಲ್ಲಿ ಅಲ್ಲಿಗೇ ಬಂದ. ಗಟ್ಟಿ ಆಹಾರ ತಿನ್ನುತ್ತಿದ್ದ ಮೂಲನಿವಾಸಿಗಳ ಹಲ್ಲು ಸವೆದು ಜಾಗ ತಾನೇ ಆಗುತ್ತಿತ್ತು, ಮೆತ್ತನೆಯ ಊಟದ ನಮಗೆ ಅದಾಗದು ಎಂಬುದು ಅವನ ತರ್ಕ. ತನ್ನ ಸೋಲನ್ನು ತಾನೇ ಕರೆಸಿ ಮೇಜಿನ ಮೇಲಿಟ್ಟ ಟ್ವೀಡ್‌ನ ಪ್ರಾಮಾಣಿಕತೆ ಈ ಶಾಸ್ತ್ರದ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ. ‘ಒಳ್ಳೆಯ ಹಲ್ಲನ್ನೇಕೆ ಕೀಳಬೇಕು ಡಾಕ್ಟ್ರೇ?’ ಎಂದು ಇಂದು ತಾಯಿಯೊಬ್ಬಳು ಕೇಳುವಾಗ ಆಕೆ ಕೇಳುತ್ತಿರುವುದು ಆ ನೂರು ವರ್ಷದ ಪ್ರಶ್ನೆಯನ್ನೇ. ಅದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಪ್ರತಿ ಬಾಯಿಗೂ ಅಳತೆ ತೆಗೆದೇ ಹೇಳಬೇಕು.

ಅಳತೆಯ ವಿದ್ಯೆಯೂ ಈ ನಡುವೆ ಬೆಳೆಯಿತು. ಹಲ್ಲನ್ನು ಒತ್ತಿದ ಕಡೆ ಮೂಳೆ ಕರಗುತ್ತದೆ, ಎಳೆದ ಕಡೆ ಹೊಸ ಮೂಳೆ ಕಟ್ಟುತ್ತದೆ ಎಂಬುದನ್ನು ಸ್ವೀಡನ್ನಿನ ಕಾರ್ಲ್ ಸಾಂಡ್‌ಸ್ಟೆಡ್ 1904ರ ಸುಮಾರಿಗೆ ನಾಯಿಗಳ ಮೇಲಿನ ಪ್ರಯೋಗದಲ್ಲಿ ಸೂಕ್ಷ್ಮದರ್ಶಕದಡಿ ಕಂಡಿದ್ದ. ಜೋರಾಗಿ ಒತ್ತಿದರೆ ರಕ್ತದ ಹರಿವು ನಿಂತು ಹಲ್ಲು ಅಲ್ಲಾಡದೆ ನಿಲ್ಲುತ್ತದೆ, ಬೇರೂ ಸವೆಯಬಹುದು. ಹಗುರ ಒತ್ತಡವೇ ಬೇಕು. ಹಲ್ಲು ಸರಿಯುವುದು ತಿಂಗಳಿಗೆ ಸುಮಾರು ಒಂದು ಮಿಲಿಮೀಟರು. ‘ಬೇಗ ಬಿಗಿಮಾಡಿ ಮುಗಿಸಿ’ ಎನ್ನುವವರಿಗೆ ವೈದ್ಯರು ಒಪ್ಪದಿರುವುದು ಇದಕ್ಕೇ. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್, ಜರ್ಮನಿಯ ಹೋಫ್‌ರಾತ್ ತಲೆಯನ್ನು ಒಂದೇ ಭಂಗಿಯಲ್ಲಿ ನಿಲ್ಲಿಸಿ ಎಕ್ಸ್‌ರೇ ತೆಗೆಯುವ ಕ್ರಮ ತಂದರು. ಕೆಡುಕು ಹಲ್ಲಿನದೋ ದವಡೆಯದೋ, ಬೆಳವಣಿಗೆ ಇನ್ನೂ ಬಾಕಿಯಿದೆಯೋ ಎಂದು ಹೇಳಲು ಸಾಧ್ಯವಾದದ್ದು ಆಗ. ಎಂ.ಡಿ.ಎಸ್.ನ ಮೂರು ವರ್ಷದ ಬಹುಪಾಲು ಹೋಗುವುದು ಈ ತೀರ್ಮಾನವನ್ನು ಕಲಿಯುವುದಕ್ಕೆ. ತಂತಿ ಬಾಗಿಸುವುದು ಆಮೇಲಿನದು.

ಸಲಕರಣೆಗಳ ಕಥೆ ಚಿಕ್ಕದು. ಮೊದಲು ಪ್ರತಿ ಹಲ್ಲಿಗೂ ಲೋಹದ ಬಳೆ ತೊಡಿಸಬೇಕಿತ್ತು. 1955ರಲ್ಲಿ ಅಮೆರಿಕದ ದಂತವೈದ್ಯ ಮೈಕೆಲ್ ಬ್ಯುನೊಕೋರ್ ಫಾಸ್ಫಾರಿಕ್ ಆಮ್ಲದಿಂದ ಹಲ್ಲಿನ ಮೇಲ್ಮೈ ತರಿಗೊಳಿಸಿದರೆ ರೆಸಿನ್ ಹಿಡಿದುಕೊಳ್ಳುತ್ತದೆಂದು ತೋರಿಸಿದ. ಹುಳುಕು ತುಂಬುವವರಿಗಾಗಿ ಹುಟ್ಟಿದ ಆ ಉಪಾಯವೇ ತಂತಿಯನ್ನು ಹಿಡಿಯುವ ಪುಟ್ಟ ಬ್ರ್ಯಾಕೆಟ್ಟನ್ನು ಹಲ್ಲಿಗೆ ನೇರವಾಗಿ ಅಂಟಿಸಲು ದಾರಿ ಮಾಡಿತು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ ನಿಕ್ಕಲ್–ಟೈಟೇನಿಯಂ ಮಿಶ್ರಲೋಹವನ್ನು ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಆಂಡ್ರಿಯಾಸನ್ 1970ರ ದಶಕದಲ್ಲಿ ಹಲ್ಲಿನ ತಂತಿಯಾಗಿಸಿದ. ಎಷ್ಟು ಬಾಗಿಸಿದರೂ ಮೊದಲ ಆಕಾರಕ್ಕೆ ಮೆಲ್ಲನೆ ಮರಳುವ ಆ ಗುಣ ಹಗುರ ಒತ್ತಡಕ್ಕೆ ಹೇಳಿ ಮಾಡಿಸಿದಂತಿತ್ತು.

ಅದೇ ಅಯೋವಾದಲ್ಲಿ 1915ರಲ್ಲಿ ಪದವಿ ಪಡೆದ ರಫೀಉದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತ ಕಾಲೇಜು ಸ್ಥಾಪಿಸಿದ್ದರು. 1948ರಲ್ಲಿ ದಂತವೈದ್ಯರ ಕಾಯ್ದೆ ಬಂತು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದು, ಮಣಿಪಾಲದ್ದು 1965ರದು. ಭಾರತೀಯ ಆರ್ಥೊಡಾಂಟಿಕ್ ಸಂಘವೂ 1965ರಲ್ಲೇ ಹುಟ್ಟಿತು. ತಾಲ್ಲೂಕು ಕೇಂದ್ರಗಳಲ್ಲಿ ಇಂದು ಬೇರೊಂದು ಏರ್ಪಾಡಿದೆ. ಊರಿನ ದಂತವೈದ್ಯರ ಕ್ಲಿನಿಕ್ಕಿಗೆ ಪಕ್ಕದ ನಗರದ ಆರ್ಥೊಡಾಂಟಿಸ್ಟ್ ತಿಂಗಳಿಗೊಮ್ಮೆ, ಎರಡು ಸಲ ಬಂದು ಹೋಗುತ್ತಾರೆ. ‘ಕ್ಲಿಪ್ ಡಾಕ್ಟ್ರು ಯಾವತ್ತು ಬರ್ತಾರೆ?’ ಎಂದು ಕೇಳಿ ಜನ ಆ ದಿನಕ್ಕೆ ಹೋಗುತ್ತಾರೆ. ಇದು ಒಳ್ಳೆಯ ಏರ್ಪಾಡು ಎಂದೇ ನನ್ನ ಅನಿಸಿಕೆ; ತಂತಿ ಚುಚ್ಚಿದರೆ, ಬ್ರ್ಯಾಕೆಟ್ ಕಿತ್ತರೆ ನೋಡಿಕೊಳ್ಳಲು ಊರಿನವರು ಇದ್ದೇ ಇರುತ್ತಾರೆ.

1997ರಲ್ಲಿ ಸ್ಥಾಪನೆಯಾದ ಅಲೈನ್ ಟೆಕ್ನಾಲಜಿ ಕಂಪನಿಯ, ಹಲ್ಲಿನ ಮೇಲೆ ತೊಡುವ ಪಾರದರ್ಶಕ ಅಲೈನರ್ ತಂತಿಯನ್ನೇ ಬಿಡಿಸಿತು. ಆಮೇಲೆ ವೈದ್ಯರನ್ನೂ ಬಿಡಿಸುವ ಪ್ರಯತ್ನ ನಡೆಯಿತು: ಮನೆಯಲ್ಲೇ ಅಚ್ಚು ತೆಗೆದು ಕಳುಹಿಸಿದರೆ ಅಂಚೆಯಲ್ಲಿ ಅಲೈನರ್ ಬರುತ್ತಿತ್ತು. ಆ ವ್ಯಾಪಾರದಲ್ಲಿ ದೊಡ್ಡದಾಗಿದ್ದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅರ್ಧ ಚಿಕಿತ್ಸೆಯಲ್ಲಿದ್ದವರು ಬೇರೆ ವೈದ್ಯರನ್ನು ಹುಡುಕಬೇಕಾಯಿತು. ಅಚ್ಚು ಹಲ್ಲಿನ ತಲೆಯನ್ನಷ್ಟೇ ತೋರಿಸುತ್ತದೆ. ಬೇರು, ಮೂಳೆ, ವಸಡಿನ ಸ್ಥಿತಿ ಅದರಲ್ಲಿ ಕಾಣುವುದಿಲ್ಲ.

ತಂತಿ ಹಾಕಿದ ಬಾಯಿಗೆ ಹಳೆಯ ದಂತವೈದ್ಯರ ಅಗತ್ಯವೂ ಹೆಚ್ಚುತ್ತದೆ. ಬ್ರ್ಯಾಕೆಟ್ಟಿನ ಸುತ್ತ ಅನ್ನದ ಅಗುಳು ನಿಂತು, ಸರಿಯಾಗಿ ಉಜ್ಜದಿದ್ದರೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿಮಚ್ಚೆ ಏಳುತ್ತದೆ. ಹುಳುಕಿನ ಮೊದಲ ಗುರುತು ಅದು. ಚಕ್ಕುಲಿ, ಕಬ್ಬು, ಕಡಲೆಮಿಠಾಯಿ ಬಿಟ್ಟು ಎರಡು ವರ್ಷ ಕಳೆದು ತಂತಿ ತೆಗೆದ ದಿನವೂ ಕೆಲಸ ಮುಗಿಯುವುದಿಲ್ಲ. ವಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೂ, ಹಲವರಿಗೆ ಅದಾದ ಮೇಲೂ, ರಾತ್ರಿ ಮಲಗುವ ಮುನ್ನ, ಹಲ್ಲು ಹಿಂದಕ್ಕೆ ಸರಿಯದಂತೆ ಹಿಡಿಯುವ ರಿಟೇನರ್‌ನ ಡಬ್ಬಿ ತೆರೆಯಲೇಬೇಕು.